‘ಸಾಕು’ ಎನ್ನುವ ಮಾತು

ಅಕ್ಕಲಕೋಟೆಯ ಕಡೆಯ ಹಳ್ಳಿಗಳಲ್ಲಿ ನನ್ನ ಅಜ್ಜನ ಓರಗೆಯವರು ಊಟ ಮುಗಿಸುತ್ತಿದ್ದ ರೀತಿಯನ್ನು ಈಗ ಹೇಳಿದರೆ ಮಕ್ಕಳು ನಗುತ್ತಾರೆ. ರೊಟ್ಟಿಯ ಕೊನೆಯ ಚೂರಿನಿಂದ ತಾಟಿನ ಅಂಚು ಒರೆಸಿ ತಿಂದು, ಅದೇ ತಾಟಿಗೆ ಒಂದಿಷ್ಟು ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನೂ ಎತ್ತಿ ಕುಡಿದುಬಿಡುತ್ತಿದ್ದರು. ಲಿಂಗಾಯತ ಮನೆಗಳ ಹಳೆಯ ರೂಢಿ ಅದು. ತಾಟಿಗೆ ಬಂದದ್ದು ಪ್ರಸಾದ, ಪ್ರಸಾದದಲ್ಲಿ ಬಿಡುವಂಥದ್ದು ಏನೂ ಇರುವುದಿಲ್ಲ ಎಂಬುದು ಅದರ ಹಿಂದಿನ ಭಾವ. ಬಾಳೆಲೆಯಲ್ಲಿ ಉಂಡು ಎಲೆ ಮಡಚಿ ಏಳುವ ಕರಾವಳಿಯ ಓದುಗರಿಗೆ ಇದು ವಿಚಿತ್ರವೆನಿಸಿದರೆ ತಪ್ಪಿಲ್ಲ. ಚಿಕ್ಕಂದಿನಲ್ಲಿ ನನಗೂ ಸ್ವಲ್ಪ ಹೇಸಿಗೆಯಾಗುತ್ತಿತ್ತು. ಆದರೆ ಅಜ್ಜ ಎಂದೂ ನಮಗೆ ಹಾಗೆ ಮಾಡಿರೆಂದು ಹೇಳಲಿಲ್ಲ. ಈ ಸಂಗತಿ ನನಗೆ ಹೊಳೆದದ್ದು ಬಹಳ ತಡವಾಗಿ, ನಾನು ಮಾಸ್ತರನಾಗಿ, ತಾಟಿನಲ್ಲಿ ಅನ್ನ ಬಿಡಬಾರದೆಂದು ಮಕ್ಕಳಿಗೆ ಕಲಿಸಹೋಗಿ ಎಡವಿದ ಮೇಲೆ.

ಅಕ್ಕಲಕೋಟೆಯ ಹೆಸರು ಕಾಸರಗೋಡಿನ ಕನ್ನಡಿಗರಿಗೆ ಹೊಸದಲ್ಲ. 1967ರ ಮಹಾಜನ ವರದಿಯಲ್ಲಿ ನಮ್ಮ ತಾಲೂಕೂ ಚಂದ್ರಗಿರಿ ಹೊಳೆಯ ಉತ್ತರದ ನಿಮ್ಮ ಊರುಗಳೂ ಒಂದೇ ಪುಸ್ತಕದೊಳಗೆ ಕೂತಿದ್ದವು. ಎರಡೂ ಇದ್ದಲ್ಲಿಯೇ ಉಳಿದವು. ಆ ಮಾತು ಇಲ್ಲಿ ಬೇಡ. ನಿಮ್ಮಲ್ಲಿ ಮಲಯಾಳದ ನಡುವೆ ಕನ್ನಡ ಶಾಲೆಗಳಿರುವಂತೆ ನಮ್ಮಲ್ಲಿ ಮರಾಠಿಯ ನಡುವೆ ಕನ್ನಡ ಶಾಲೆಗಳಿವೆ, ಅಲ್ಲಿಗೆ ಬರುವವರು ಹೆಚ್ಚಾಗಿ ಬೇರೆ ಶಾಲೆಗೆ ಹೋಗಲು ಕೈಲಾಗದ ಮನೆಗಳ ಮಕ್ಕಳು ಎಂಬಷ್ಟು ಹೇಳಿದರೆ ಮುಂದಿನದು ಅರ್ಥವಾದೀತು. ಅಂಥ ಒಂದು ಶಾಲೆಯಲ್ಲಿ ನಾನು ಬಹಳ ವರ್ಷ ಇದ್ದೆ. ಶಾಲೆಯ ಹೆಸರು ಬೇಡ. ತಪ್ಪು ನನ್ನದು, ಶಾಲೆಯದಲ್ಲ.

ನಮ್ಮ ಸರ್ವೋಚ್ಚ ನ್ಯಾಯಾಲಯ ಹತ್ತು ವರ್ಷಗಳ ಅಂತರದಲ್ಲಿ ಶಾಲೆಗಳಿಗೆ ಸಂಬಂಧಿಸಿ ಎರಡು ಆಜ್ಞೆಗಳನ್ನು ಕೊಟ್ಟಿತು. 1991ರ ನವೆಂಬರಿನಲ್ಲಿ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂದಿತು. 2001ರ ನವೆಂಬರ್ 28ರಂದು ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಮಗುವಿಗೆ ವರ್ಷಕ್ಕೆ ಕನಿಷ್ಠ 200 ದಿನ ಬೇಯಿಸಿದ ಊಟ ಕೊಡಬೇಕೆಂದಿತು. ಅದಕ್ಕೂ ಮೊದಲು, 1995ರ ಯೋಜನೆಯಲ್ಲಿ, ನಮ್ಮ ಮಕ್ಕಳು ತಿಂಗಳಿಗೆ ಮೂರು ಕಿಲೋ ಅಕ್ಕಿಯನ್ನು ಚೀಲದಲ್ಲಿ ಹೊತ್ತು ಮನೆಗೆ ಒಯ್ಯುತ್ತಿದ್ದರು. ಮನೆಗೆ ಹೋದ ಅಕ್ಕಿಯನ್ನು ಮನೆಯವರೆಲ್ಲ ಉಣ್ಣುತ್ತಿದ್ದರು. ಕೆಲವೊಮ್ಮೆ ಅದು ಅಂಗಡಿಗೂ ಹೋಗುತ್ತಿತ್ತು. ಶಾಲೆಯಲ್ಲಿ ಬೇಯಿಸಿದ್ದು ಮಾತ್ರ ಮಗುವಿನ ಹೊಟ್ಟೆಗೇ ಹೋಗಬೇಕು. ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ಕಾಯಿಪಲ್ಲೆ. ಆರರಿಂದ ಎಂಟರವರೆಗೆ 150 ಗ್ರಾಂ ಅಕ್ಕಿ. ನಮ್ಮಲ್ಲಿ ಇದನ್ನು ‘ಖಿಚಡಿ’ ಎಂದರೇ ಎಲ್ಲರಿಗೂ ತಿಳಿಯುತ್ತದೆ, ನಿಮ್ಮಲ್ಲಿ ಒಂದು ಕಾಲಕ್ಕೆ ಗಂಜಿ-ಹೆಸರುಕಾಳು ಎಂದರೆ ತಿಳಿಯುತ್ತಿದ್ದಂತೆ. ಎರಡು ಆಜ್ಞೆಗಳೂ ಹೀಗೆ ನಮ್ಮ ಶಾಲೆಯ ಪಡಸಾಲೆಯಲ್ಲಿ ಒಂದೇ ತಾಟಿನಲ್ಲಿ ಬಂದು ಸೇರಿದವು. ಒಂದು ‘ಉಣ್ಣು’ ಎನ್ನುತ್ತದೆ, ಇನ್ನೊಂದು ‘ಕೆಡಿಸಬೇಡ’ ಎನ್ನುತ್ತದೆ. ಇವುಗಳಲ್ಲಿ ಜಗಳವಿದೆ ಎಂದು ನಾನು ಎಣಿಸಿರಲಿಲ್ಲ.

ಹತ್ತು ವರ್ಷಗಳ ಹಿಂದಿನ ಮಾತು. ಮಧ್ಯಾಹ್ನ ಊಟದ ನಂತರ ಕೈತೊಳೆಯುವ ಕಟ್ಟೆಯ ಬಳಿ ಒಂದು ಬಕೆಟ್ಟಿನಲ್ಲಿ ಬಿಟ್ಟ ಅನ್ನ ಸೇರುತ್ತಿತ್ತು. ಅದನ್ನು ನೋಡಿ ನನಗೆ ಸಂಕಟವಾಯಿತು. ಪರಿಸರದ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಎಲ್ಲಿ ಸಿಕ್ಕೀತು? ಕಿರಾಣಿ ಅಂಗಡಿಯಿಂದ ತಕ್ಕಡಿ ತರಿಸಿ ಆರನೆಯ ತರಗತಿಯವರಿಂದ ದಿನವೂ ತೂಗಿಸಿದೆ. ಹಲಗೆಯ ಮೂಲೆಯಲ್ಲಿ ‘ಇಂದು ಬಿಟ್ಟ ಅನ್ನ’ ಎಂದು ಬರೆಸಿದೆ. ಗಾಳಿಯಾಡದ ಕಸದ ರಾಶಿಯ ತಳದಲ್ಲಿ ಅನ್ನ ಕೊಳೆತರೆ ಮೀಥೇನ್ ಎಂಬ ಅನಿಲ ಹುಟ್ಟುತ್ತದೆ, ಅದು ಗಾಳಿಯಲ್ಲಿ ಹತ್ತು ಹನ್ನೆರಡು ವರ್ಷ ಮಾತ್ರ ಉಳಿದರೂ ಇಪ್ಪತ್ತು ವರ್ಷದ ಲೆಕ್ಕದಲ್ಲಿ ಇಂಗಾಲಾಮ್ಲಕ್ಕಿಂತ ಸುಮಾರು 80 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ ಎಂದು ವಿವರಿಸಿದೆ. ಸೊಲ್ಲಾಪುರದ ಊರ ಕಸವೆಲ್ಲ ತುಳಜಾಪುರದ ರಸ್ತೆಯ ಡಿಪೋಕ್ಕೆ ಹೋಗುವುದನ್ನೂ, ಅಲ್ಲಿ ಹಸಿ ಕಸದ ಅನಿಲದಿಂದ ವಿದ್ಯುತ್ತು ಮಾಡುವ ಕಾರಖಾನೆ ಎದ್ದದ್ದನ್ನೂ ಹೇಳಿದೆ. ಪಾಠ ಚೆನ್ನಾಗಿಯೇ ಆಯಿತೆಂದು ನನ್ನ ನಂಬಿಕೆ. ಹಿಂದಿನ ಸಾಲಿನಲ್ಲಿದ್ದ ಹುಡುಗನೊಬ್ಬ ಎದ್ದು ಕೇಳಿದ: “ಸರ್ರ, ನಮ್ಮ ಶಾಲಿದು ಡಿಪೋಕ್ಕ ಹೋಗಂಗಿಲ್ಲಲ್ರೀ. ಅಡಗಿ ಆಯಿ ಎಮ್ಮಿಗೆ ಒಯ್ತಾಳ. ಎಮ್ಮಿ ತಿಂದ್ರ ಗ್ಯಾಸ್ ಬರಂಗಿಲ್ಲೇನ್ರೀ?”

ಎಲ್ಲರೂ ನಕ್ಕರು, ನಾನೂ ನಕ್ಕು ಕೂರಿಸಿದೆ. ಮನೆಗೆ ಹೋಗಿ ಓದಿದಾಗ ಹುಡುಗನ ಪ್ರಶ್ನೆ ನನ್ನ ಪಾಠಕ್ಕಿಂತ ಗಟ್ಟಿ ಎಂದು ತಿಳಿಯಿತು. ಮೆಲುಕು ಹಾಕುವ ದನದ ಹೊಟ್ಟೆಯಲ್ಲಿಯೂ ಕಸದ ತಿಪ್ಪೆಯ ತಳದಲ್ಲಿಯೂ ಮೀಥೇನ್ ಮಾಡುವವು ಹೆಚ್ಚುಕಡಿಮೆ ಒಂದೇ ಕುಲದ ಸೂಕ್ಷ್ಮಜೀವಿಗಳು. ಎಮ್ಮೆ ತಿಂದರೆ ಅಷ್ಟು ಮೇವು ಉಳಿಯುತ್ತದೆ, ಹಾಲೂ ಬರುತ್ತದೆ, ಅದು ಬೇರೆ ಮಾತು. ಮಾರನೆಯ ದಿನ ತರಗತಿಯಲ್ಲಿ ಒಪ್ಪಿಕೊಂಡೆ. ಮುಸುರೆಯ ಬಾನಿ ಇರುವ ಹಳ್ಳಿಗೂ ಕಸದ ಲಾರಿ ಬರುವ ಪೇಟೆಗೂ ಒಂದೇ ಪಾಠ ಸಲ್ಲುವುದಿಲ್ಲ ಎಂಬಷ್ಟು ಅರಿವು ನನಗೆ ಆಗಲೇ ಬರಬೇಕಿತ್ತು. ಬರಲಿಲ್ಲ. ತೂಕ ಇಳಿಯುತ್ತಿತ್ತಲ್ಲ!

ಎರಡನೆಯ ವಾರಕ್ಕೆ ಬಕೆಟ್ಟಿನ ತಳ ಮಾತ್ರ ಒದ್ದೆಯಾಗುವಷ್ಟಾಯಿತು. ಉತ್ಸಾಹದಲ್ಲಿ ಅನ್ನ ಬಿಟ್ಟವರ ಹೆಸರನ್ನೂ ಹಲಗೆಯಲ್ಲಿ ಬರೆಸತೊಡಗಿದೆ. ಮೂರನೆಯ ವಾರ ಒಂದು ದಿನ ಹಲಗೆಯ ಮೇಲೆ ಸೊನ್ನೆ ಬಿತ್ತು, ಮಕ್ಕಳು ಚಪ್ಪಾಳೆ ತಟ್ಟಿದರು. ಅಂದೇ ಮಧ್ಯಾಹ್ನದ ಮೇಲೆ ಮೂರನೆಯ ತರಗತಿಯ ಒಬ್ಬ ಹುಡುಗಿ ಶುದ್ಧಬರೆಹದ ಪುಸ್ತಕದ ಮೇಲೆ ತಲೆಯಿಟ್ಟು ಮಲಗಿದ್ದಳು. ಜ್ವರವೇ ಎಂದು ಹಣೆ ಮುಟ್ಟಿದೆ, ಇರಲಿಲ್ಲ. ಉಂಡೆಯೋ ಎಂದರೆ ಉಂಡೆ ಎಂದಳು. ಎಷ್ಟು ಎಂದರೆ ಸುಮ್ಮನಾದಳು. ಪಕ್ಕದವಳು ಹೇಳಿದಳು: “ಆಕಿ ದಿನಾ ಒಂದ ಸೌಟ ಹಾಕಿಸ್ಕೊಂಡು ಸಾಕು ಅಂತಾಳ್ರೀ. ಉಳದ್ರ ನೀವು ಹೆಸರು ಬರೀತೀರಲ್ರೀ.”

ಮರುದಿನ ನಾನು ಬಡಿಸುವಲ್ಲಿ ನಿಂತು ನೋಡಿದೆ. ಸೌಟು ತಾಟಿನ ಮೇಲೆ ಬರುವ ಮೊದಲೇ ಪುಟ್ಟ ಕೈಗಳು ಅಡ್ಡ ಬರುತ್ತಿದ್ದವು. ಸಾಕು, ಸಾಕು, ಸಾಕು. ಅಡಿಗೆಯ ಆಯಿಯೂ ಸೌಟನ್ನು ಅರ್ಧವೇ ತುಂಬುತ್ತಿದ್ದಳು; ಬಕೆಟ್ಟು ತುಂಬಿದರೆ ಅಡಿಗೆ ಕೆಟ್ಟಿತೆಂಬ ಮಾತು ತನ್ನ ಮೇಲೆ ಬಂದೀತೆಂದು ಆಕೆಯ ಹೆದರಿಕೆ. ಇನ್ನು ಪಾತೇಲಿಯಲ್ಲಿ? ಅಕ್ಕಿಯನ್ನು ಹಾಜರಿಯ ಲೆಕ್ಕದಿಂದ ಅಳೆದು ಹಾಕಿದ್ದು ಅಷ್ಟೇ ಇತ್ತು. ತಾಟಿನಲ್ಲಿ ಉಳಿಯುತ್ತಿದ್ದದ್ದು ಈಗ ಪಾತೇಲಿಯಲ್ಲಿ ಉಳಿದು, ತಕ್ಕಡಿಗೆ ಬಾರದೆ ಹಿಂಬಾಗಿಲಿನಿಂದ ಎಮ್ಮೆಗೆ ಹೋಗುತ್ತಿತ್ತು. ಹೊಲಕ್ಕೆ ಹಾಕಿದ ಗೊಬ್ಬರ, ಪಂಪಿನ ವಿದ್ಯುತ್ತು, ರೈಲಿನ ಎಣ್ಣೆ, ಒಲೆಯ ಉರಿ, ಒಂದೂ ಒಂದು ಗುಲಗಂಜಿಯಷ್ಟು ಕಡಿಮೆಯಾಗಿರಲಿಲ್ಲ. ಕಡಿಮೆಯಾಗಿದ್ದು ಮಕ್ಕಳ ಹೊಟ್ಟೆಯೊಳಗಿನದು. ನನ್ನ ಹಲಗೆಯ ಸೊನ್ನೆಯ ಅರ್ಥ ಇಷ್ಟು.

ಆ ರಾತ್ರಿ ನನಗೆ ಎಪ್ಪತ್ತೆರಡರ ಬರ ನೆನಪಾಯಿತು. ಸೊಲ್ಲಾಪುರ ಜಿಲ್ಲೆಯಲ್ಲಿ ನನ್ನ ವಯಸ್ಸಿನ ಯಾರಿಗೂ ಅದನ್ನು ವರ್ಣಿಸಿ ಹೇಳಬೇಕಿಲ್ಲ. ಅಪ್ಪ ಬರದ ಕಾಮಗಾರಿಯಲ್ಲಿ ಖಡಿ ಒಡೆಯುತ್ತಿದ್ದ. ಅಮೇರಿಕದಿಂದ ಬಂದ ಕೆಂಪು ಮಿಲೋ ಜೋಳ ರೇಶನ್ನಿನಲ್ಲಿ ಸಿಗುತ್ತಿತ್ತು. ನಮ್ಮ ಬಿಳಿಜೋಳದ ಹಿಟ್ಟಿನಂತೆ ಅದು ಕೈಗೆ ಬರುತ್ತಿರಲಿಲ್ಲ, ತಟ್ಟುವಾಗಲೇ ರೊಟ್ಟಿ ಬಿರಿಯುತ್ತಿತ್ತು. ಅವ್ವ ನಮಗೆಲ್ಲ ಹಾಕಿ, ತಾನು ಅರ್ಧ ರೊಟ್ಟಿಯಾದೊಡನೆ “ನಂದು ಸಾಕಾತು, ನೀವು ಉಣ್ರಿ” ಎನ್ನುತ್ತಿದ್ದಳು. ಒಂಬತ್ತು ವರ್ಷದ ನಾನು ಆ ಮಾತನ್ನು ನಂಬಿದ್ದೆ. ನಂಬಿದರೆ ಇನ್ನೊಂದು ತುಂಡು ಸಿಗುತ್ತಿತ್ತಲ್ಲವೇ. ಅವ್ವನ ‘ಸಾಕು’ ಸುಳ್ಳು, ಆದರೆ ಅದನ್ನು ಅವಳೇ ಆರಿಸಿಕೊಂಡಿದ್ದಳು. ನನ್ನ ಶಾಲೆಯ ಹುಡುಗಿಯ ‘ಸಾಕು’ ಕೂಡ ಸುಳ್ಳೇ. ಅದನ್ನು ಹೇಳಿಸಿದವನು ನಾನು.

ಕನ್ನಡದಲ್ಲಿ ಈ ಶಬ್ದ ದೊಡ್ಡದು. ‘ಸಾಕು’ ಎಂದರೆ ಇನ್ನು ಬೇಡ ಎಂದೂ ಆಗುತ್ತದೆ, ಸಲಹು ಎಂದೂ ಆಗುತ್ತದೆ. ವ್ಯುತ್ಪತ್ತಿಯಲ್ಲಿ ಎರಡಕ್ಕೂ ಸಂಬಂಧವಿದೆಯೋ ಇಲ್ಲವೋ ಪಂಡಿತರು ನೋಡಿಕೊಳ್ಳಲಿ. ಸಾಕಿದವರ ಮುಂದೆ ಮಾತ್ರ ನಿಜವಾಗಿ ಸಾಕೆನ್ನಲು ಬರುತ್ತದೆ ಎಂಬುದು ನನ್ನ ಅನುಭವ. ನೀವು ಮಲಯಾಳದಲ್ಲಿ ‘ಮತಿ’ ಎನ್ನುತ್ತೀರಿ. ನಮ್ಮ ಕಿವಿಗೆ ಅದು ಬುದ್ಧಿಯೆಂದು ಕೇಳಿಸಿ ಸೊಗಸೆನಿಸುತ್ತದೆ. ತುಳುವರು ‘ಯಾವು’ ಎನ್ನುತ್ತಾರೆ, ನಮ್ಮ ನೆರೆಯ ಮರಾಠಿಗರು ‘ಪುರೆ’. ಯಾವ ಭಾಷೆಯಲ್ಲೇ ಹೇಳಲಿ, ಕೇಳಿದರೆ ಇನ್ನೂ ಸಿಕ್ಕೀತು ಎಂಬ ಭರವಸೆ ಇದ್ದವನ ಬಾಯಲ್ಲಿ ಮಾತ್ರ ಅದಕ್ಕೆ ತೂಕ. ಇಲ್ಲದವನ ಬಾಯಲ್ಲಿ ಅದು ಸಂಕೋಚ, ಭಯ, ಅಥವಾ ತ್ಯಾಗ, ಮಿತವಂತೂ ಅಲ್ಲ.

ಹಾಗಾದರೆ ಬಡ ಶಾಲೆಯ ಮಗುವಿಗೆ ಅನ್ನ ಕೆಡಿಸಬೇಡವೆಂದು ಹೇಳುವುದೇ ಬೇಡವೇ? ನನ್ನ ಸಹೋದ್ಯೋಗಿಯೊಬ್ಬರು ಹಾಗೆಯೇ ವಾದಿಸಿದರು. ಸೊಲ್ಲಾಪುರದ ಮಂಗಲಕಾರ್ಯಾಲಯಗಳ ಹಿಂದೆ ರಾತ್ರಿ ಹನ್ನೊಂದಕ್ಕೆ ಹೋಗಿ ನೋಡಿ, ಅಲ್ಲಿ ಪಾಠ ಮಾಡಿ ಎಂದರು. ಮಾತು ಚುಚ್ಚುತ್ತದೆ, ಆದರೆ ಪೂರ್ತಿ ಸರಿಯಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ 2022ರಲ್ಲಿ ಅಂಗಡಿ, ಹೋಟೆಲು, ಮನೆಗಳಲ್ಲಿ ಜಗತ್ತು ಕೆಡಿಸಿದ ಆಹಾರ 105 ಕೋಟಿ ಟನ್. ಅದರಲ್ಲಿ ಶೇಕಡಾ 60ರಷ್ಟು ಮನೆಗಳದೇ. ಭಾರತದ ಮನೆಗಳಲ್ಲಿ ಒಬ್ಬೊಬ್ಬರಿಗೆ ವರ್ಷಕ್ಕೆ 55 ಕಿಲೋ ಎಂಬ ಅಂದಾಜು. ಶ್ರೀಮಂತ ದೇಶಕ್ಕೂ ನಮ್ಮಂಥ ದೇಶಕ್ಕೂ ಮನೆಯ ಲೆಕ್ಕದಲ್ಲಿ ತಲೆಗೆ ಏಳು ಕಿಲೋದಷ್ಟೇ ಅಂತರವಂತೆ. ಕೆಡಿಸುವುದು ಅವರ ಚಟ, ನಮ್ಮದಲ್ಲ ಎಂದು ಕೂರಲು ಬರುವುದಿಲ್ಲ. ಹೊಲದಿಂದ ತಾಟಿನವರೆಗೆ ಹಾಳಾಗುವ ಆಹಾರದ ಪಾಲು ಭೂಮಿಯನ್ನು ಕಾಯಿಸುವ ಅನಿಲಗಳಲ್ಲಿ ನೂರಕ್ಕೆ 8ರಿಂದ 10. ಮಳೆ ಒಂದು ವಾರ ತಪ್ಪಿದರೆ ಹಿಂಗಾರಿಯೇ ಹೋಗುವ ನಮ್ಮ ಎರೆಹೊಲದ ಮಕ್ಕಳಿಗೆ ಇದು ದೂರದ ಸುದ್ದಿಯಲ್ಲ.

ಆದರೆ ತಪ್ಪು ಎಲ್ಲಿ ಹುಟ್ಟುತ್ತದೆ ಎಂದು ನೋಡಬೇಕು. ಎಲ್ಲೋ ಯಾರೋ ಹಸಿದಿದ್ದಾರೆ, ಆದ್ದರಿಂದ ನೀನು ತಾಟು ಬರಿದು ಮಾಡು ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ತುಂಬಿದ ಹೊಟ್ಟೆಗೆ ತುರುಕಿದ ಅನ್ನ ಆ ಹಸಿದವನಿಗೆ ಮುಟ್ಟುವುದಿಲ್ಲ. ತಾಟಿಗೆ ಬಿದ್ದ ಮೇಲೆ ಹೊಲದ ಖರ್ಚು, ಒಲೆಯ ಖರ್ಚು ಮುಗಿದ ಲೆಕ್ಕ. ಹೊಟ್ಟೆಯನ್ನೇ ಕಸದ ಬುಟ್ಟಿ ಮಾಡಿಕೊಂಡರೆ ಅದು ಹಿಂದಕ್ಕೆ ಬಾರದು. ನಿರ್ಣಯ ಆಗುವುದು ಅಕ್ಕಿ ಅಳೆಯುವಾಗ, ಸೌಟು ಎತ್ತುವಾಗ. ಆ ಎರಡೂ ಮಗುವಿನ ಕೈಯಲ್ಲಿಲ್ಲ. ಅದರ ಕೈಯಲ್ಲಿರುವುದು ಬಿಡುವುದೊಂದೇ. ಹಾಗೆ ನೋಡಿದರೆ ಬಿಟ್ಟ ಅನ್ನವೂ ಒಂದು ಮಾತೇ. ಉಪ್ಪು ಹೆಚ್ಚಾಗಿದೆ, ಬೇಳೆ ಬೆಂದಿಲ್ಲ, ಇಂದೂ ಅದೇ ಹಳದಿ ಖಿಚಡಿಯೇ ಎಂದು ದೂರು ಹೇಳಲು ಎಂಟು ವರ್ಷದವಳಿಗೆ ಬೇರೆ ದಾರಿ ಯಾವುದಿದೆ? ನಾನು ಹೆಸರು ಬರೆಸಿ ಆ ಬಾಯನ್ನೂ ಮುಚ್ಚಿಸಿದ್ದೆ.

ಹಲಗೆಯ ಹೆಸರುಗಳನ್ನು ಅಳಿಸಿದೆ. ಹುಡುಗಿಯ ಹತ್ತಿರ ತಪ್ಪಾಯಿತು ಎಂದು ಹೇಳಿದೆ. ಆಕೆಗೆ ಅರ್ಥವಾಗದೆ ನಾಚಿಕೊಂಡು ಓಡಿಹೋದಳು. ತಕ್ಕಡಿ ಇರಲಿ ಎಂದು ಮಕ್ಕಳೇ ಕೇಳಿದರು. ಈ ಸಲ ತಾಟಿನದನ್ನೂ ಪಾತೇಲಿಯದನ್ನೂ ಬೇರೆ ಬೇರೆ ತೂಗಿದೆವು, ಯಾಕೆ ಉಳಿಯಿತು ಎಂದು ಪಕ್ಕದಲ್ಲಿ ಒಂದು ಸಾಲು ಬರೆದೆವು. ತಿಂಗಳೊಪ್ಪತ್ತಿನಲ್ಲಿ ಸಂಗತಿ ತಾನಾಗಿ ಬಿಚ್ಚಿಕೊಂಡಿತು. ಸಂತೆಯ ದಿನ ಹೆಚ್ಚು ಉಳಿಯುತ್ತಿತ್ತು, ಏಕೆಂದರೆ ಅಂದು ಅರ್ಧ ಮಕ್ಕಳು ತಾಯಿಯ ಜೊತೆ ಸಂತೆಗೆ ಹೋಗಿರುತ್ತಿದ್ದರು, ಅಕ್ಕಿ ಮಾತ್ರ ಹಿಂದಿನ ದಿನದ ಹಾಜರಿಯಂತೆ ಬೀಳುತ್ತಿತ್ತು. ದೀಪಾವಳಿಯಾದ ಮೇಲೆ ಕಬ್ಬು ಕಡಿಯಲು ಹೋದ ಮನೆಗಳ ಮಕ್ಕಳ ಹೆಸರು ಪಟ್ಟಿಯಲ್ಲಿ ಇರುತ್ತಿತ್ತು, ಮಕ್ಕಳು ಇರುತ್ತಿರಲಿಲ್ಲ. ಸೀತನಿಯ ದಿನಗಳಲ್ಲಿ, ಹಸಿಜೋಳದ ತೆನೆ ಸುಟ್ಟು ತಿಂದು ಬಂದ ಮಕ್ಕಳಿಗೆ ಹಸಿವೆಯೇ ಇರುತ್ತಿರಲಿಲ್ಲ. ಇಷ್ಟಕ್ಕೆ ಬೇಕಾಗಿದ್ದ ಮದ್ದು ನೀತಿಪಾಠವಲ್ಲ. ಬೆಳಿಗ್ಗೆ ಬಂದವರನ್ನು ಎಣಿಸಿ ಒಬ್ಬ ಹುಡುಗ ಅಡಿಗೆಮನೆಗೆ ಓಡಿ ಹೇಳಿಬರುವುದು. ಬಡಿಸುವಾಗ ಮೊದಲು ಸ್ವಲ್ಪ ಹಾಕಿ, ಎರಡನೆಯ ಸುತ್ತಿನಲ್ಲಿ ‘ಇನ್ನಷ್ಟು?’ ಎಂದು ಪ್ರತಿಯೊಬ್ಬರನ್ನೂ ಕೇಳುವುದು. ಎರಡನೆಯ ಸುತ್ತು ತಪ್ಪದೆ ಬರುತ್ತದೆಂದು ನಂಬಲು ಚಿಕ್ಕವರಿಗೆ ಸುಮಾರು ಹತ್ತು ದಿನ ಹಿಡಿಯಿತು. ಬಕೆಟ್ಟು ಸೊನ್ನೆಗೆ ಮತ್ತೆ ಬರಲಿಲ್ಲ. ಬರಲೇಬೇಕೆಂದು ನಾನೂ ಕಾಯಲಿಲ್ಲ.

ಆರನೆಯ ತರಗತಿಯವರು ಇನ್ನೊಂದು ಪ್ರಶ್ನೆ ತೆಗೆದರು: ಜೋಳದ ನಾಡಿನಲ್ಲಿ ದಿನವೂ ಅಕ್ಕಿ ಯಾಕೆ? ನಮ್ಮದು ಮಾಲದಂಡಿ ಜೋಳದ ಸೀಮೆ. ಅದರ ಹೆಸರಾಂತ ಎಂ-35-1 ತಳಿಯನ್ನು ಆರಿಸಿ ತೆಗೆದದ್ದು ಇದೇ ಜಿಲ್ಲೆಯ ಮೋಹೋಳದಲ್ಲಿ. ಎರೆಮಣ್ಣು ಹಿಡಿದಿಟ್ಟ ತೇವದಲ್ಲೇ ಹಿಂಗಾರಿ ಜೋಳ ಬೆಳೆದುಬಿಡುತ್ತದೆ. ನೀರು ನಿಲ್ಲಿಸಿದ ಭತ್ತದ ಗದ್ದೆಯಾದರೋ ಕಸದ ರಾಶಿಯ ತಳದಂತೆಯೇ ಗಾಳಿಯಾಡದೆ ಮೀಥೇನ್ ಬಿಡುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಮಕ್ಕಳ ಪರ ವಾದಿಸಲಾರದೆ ಹೋದೆ, ಏಕೆಂದರೆ ಇಬ್ಬರು ಆಯಂದಿರು ಅಷ್ಟು ಮಕ್ಕಳಿಗೆ ದಿನವೂ ರೊಟ್ಟಿ ಬಡಿಯುವುದು ಆಗದ ಮಾತು. ಅಕ್ಕಿಯನ್ನು ಒಮ್ಮೆ ಒಲೆಗೇರಿಸಿದರೆ ಮುಗಿಯಿತು. ಸೊಲ್ಲಾಪುರದ ಕಡಕ್ ರೊಟ್ಟಿ ನೋಡಿದ್ದೀರಷ್ಟೆ? ಹಪ್ಪಳದಂತೆ ತೆಳ್ಳಗೆ ಬಡಿದು ಗರಿಗರಿಯಾಗಿ ಒಣಗಿಸಿದ್ದು, ಶೇಂಗಾ ಚಟ್ನಿಯ ಜೊತೆ ತಿಂಗಳುಗಟ್ಟಲೆ ಇರುತ್ತದೆ, ಕೆಡುವುದಿಲ್ಲ. ಬರದ ಸೀಮೆಯ ಹೆಂಗಸರು ಯಾವ ಆಜ್ಞೆಯೂ ಇಲ್ಲದೆ ಕಂಡುಕೊಂಡ ಉಪಾಯ. ಅದನ್ನು ವಾರಕ್ಕೊಮ್ಮೆಯಾದರೂ ಶಾಲೆಗೆ ತರಿಸಬಹುದೆಂದು ಮೇಲಿನವರಿಗೆ ಬರೆದು ನೋಡಿದೆ. ಉತ್ತರ ಬರಲಿಲ್ಲ.

ನಾನು ನಿವೃತ್ತನಾದ ವರ್ಷ, 2021ರಲ್ಲಿ, ಯೋಜನೆಗೆ ಹೊಸ ಹೆಸರು ಬಂತು. ಈಗ ಸೊಲ್ಲಾಪುರದಲ್ಲಿ ಮಗನ ಮನೆಯಲ್ಲಿದ್ದೇನೆ. ಇಲ್ಲಿ ಎಮ್ಮೆ ಇಲ್ಲ, ಬಾನಿ ಇಲ್ಲ. ಬೆಳಿಗ್ಗೆ ಕಸದ ಗಾಡಿ ಹಾಡು ಹಾಕಿಕೊಂಡು ಬರುತ್ತದೆ. ಮೊಮ್ಮಗ ಓದುವುದು ಕನ್ನಡ ಶಾಲೆಯಲ್ಲಲ್ಲ. ಆ ಬಗ್ಗೆ ಮನೆಯಲ್ಲಿ ನಡೆದ ಮಾತುಗಳನ್ನು ಗಡಿನಾಡಿನ ಓದುಗರು ಊಹಿಸಿಕೊಳ್ಳಬಲ್ಲರು. ಅವನು ತಾಟಿನಲ್ಲಿ ಬಿಡುತ್ತಾನೆ. ನಾನು ಬೈಯುವುದಿಲ್ಲ, ಸೊಸೆಗೆ ಸ್ವಲ್ಪವೇ ಹಾಕು ಎನ್ನುತ್ತೇನೆ. ಅಜ್ಜನಿಗೆ ಸಾಕೆನಿಸಿತೆಂದು ಅವಳು ನಗುತ್ತಾಳೆ.

ಹಿಂದಿನ ತಿಂಗಳು ಅವನನ್ನು ಅಕ್ಕಲಕೋಟೆಗೆ ಕರೆದುಕೊಂಡು ಹೋಗಿದ್ದೆ. ಸ್ವಾಮಿ ಸಮರ್ಥರ ದರ್ಶನ ಮುಗಿಸಿ, 1988ರಿಂದ ನಡೆದುಬಂದಿರುವ ಅನ್ನಛತ್ರದಲ್ಲಿ ಸಾವಿರಾರು ಜನರ ನಡುವೆ ಊಟಕ್ಕೆ ಕುಳಿತೆವು. ನನ್ನ ಮಗ್ಗುಲಿಗೆ ಅಫಜಲಪುರದ ಕಡೆಯ ಮುದುಕರೊಬ್ಬರು, ಉಂಡು ಮುಗಿಸಿ ತಾಟಿಗೆ ನೀರು ಹಾಕಿಕೊಂಡರು. ಮೊಮ್ಮಗ ಕಣ್ಣರಳಿಸಿ ನೋಡುತ್ತಿದ್ದ. ಬಡಿಸುವವನು ಅನ್ನದ ಬಕೆಟ್ಟು ಹಿಡಿದು ಎರಡನೆಯ ಸುತ್ತು ಬಂದ. ಹುಡುಗ ಕೈ ಅಡ್ಡ ಹಿಡಿದು “ಪುರೆ” ಎಂದ. ಅವನು ನಿಂತು, ನನ್ನ ಮುಖವನ್ನೂ ನನ್ನ ಟೊಪ್ಪಿಗೆಯನ್ನೂ ನೋಡಿ, ಕನ್ನಡದಲ್ಲಿ “ಸಾಕಾ, ತಮ್ಮಾ? ಖರೇನ?” ಎಂದು ಕೇಳಿದ. ಹುಡುಗ ಸ್ವಲ್ಪ ಯೋಚಿಸಿ ಕೈ ತೆಗೆದ.

“ಇನ್ನೊಂದಿಷ್ಟು ಹಾಕ್ರಿ.”